ಕೈಗಡಿಯಾರದಲ್ಲಿ ಪ್ರವೇಶಪತ್ರ: ಪರದೆಯ ವಿನ್ಯಾಸ ಮತ್ತು ವೆಚ್ಚದ ಲೆಕ್ಕ

1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾದಾಗ ಅವುಗಳ ಮುಖ್ಯ ಕೆಲಸ ಕಾಲ ತಿಳಿಸುವುದಾಗಿತ್ತು. ಇಂದಿನ ಸ್ಮಾರ್ಟ್‌ವಾಚ್ ಪ್ರವೇಶಪತ್ರವೂ ಆಗಬಲ್ಲದು. ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯ ಉದ್ಯಮಿಗಳಿಗೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜಾತ್ರೆಗಳಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳಿಗೂ ಈ ವಿಷಯ ಸಂಬಂಧಿಸಿದೆ.

ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

1. ಒಂದು ಪರದೆ, ಒಂದು ವಿಷಯ: ಪರದೆಯ ಅಗಲ ಸುಮಾರು 3ರಿಂದ 4 ಸೆಂ.ಮೀ. ಮಾತ್ರ. ಬಾಗಿಲಲ್ಲಿ ಕ್ಯೂಆರ್ ಸಂಕೇತ, ಒಳಗೆ ಆಸನದ ಸಂಖ್ಯೆ, ವಿರಾಮದಲ್ಲಿ ಮುಂದಿನ ಅಂಕದ ವೇಳೆ ಇಷ್ಟು ಕಂಡರೆ ಸಾಕು. ದುಂಡು ಪರದೆಯಲ್ಲಿ ಸಂಕೇತದ ಮೂಲೆಗಳು ಕತ್ತರಿಸಿಹೋಗಬಾರದು.

2. ಕನ್ನಡ ಲಿಪಿ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಚಿಕ್ಕ ಪದಗಳನ್ನೇ ಆಯ್ದುಕೊಳ್ಳುವುದು ಲೇಸು.

3. ಬೆಳಕು ಮತ್ತು ಸದ್ದು: ಕೈ ಎತ್ತಿದೊಡನೆ ಪರದೆ ಬೆಳಗಿದರೆ ಕತ್ತಲಲ್ಲಿ ಕುಳಿತ ಪಕ್ಕದವರಿಗೆ ತೊಂದರೆ. ಆಪಲ್ ಸಂಸ್ಥೆಯು 2017ರಲ್ಲಿ ತನ್ನ ಗಡಿಯಾರಕ್ಕೆ ರಂಗಮಂದಿರಕ್ಕೆಂದೇ ಒಂದು ಸೌಲಭ್ಯ ನೀಡಿತು. ಅದರಲ್ಲಿ ಸದ್ದು ನಿಲ್ಲುತ್ತದೆ. ಮುಟ್ಟುವವರೆಗೆ ಪರದೆ ಬೆಳಗುವುದಿಲ್ಲ. ಸೂಚನೆಯು ಕಂಪನದಿಂದ ತಿಳಿಯುತ್ತದೆ.

4. ನೆಟ್‌ವರ್ಕ್ ಇಲ್ಲದಾಗ: ಜನಸಂದಣಿಯಲ್ಲಿ ಸಂಪರ್ಕ ಕಡಿಯುವುದು ಸಹಜ. ಸಂಕೇತವು ಮೊದಲೇ ಗಡಿಯಾರದಲ್ಲಿಯೂ, ಟಿಕೆಟ್‌ಗಳ ಪಟ್ಟಿಯು ಬಾಗಿಲಿನ ಯಂತ್ರದಲ್ಲಿಯೂ ಇರಬೇಕು. ಒಮ್ಮೆ ಬಳಸಿದ ಸಂಖ್ಯೆಯನ್ನು ಯಂತ್ರವು ಮತ್ತೆ ಒಪ್ಪಬಾರದು. ಬಾಗಿಲು ಒಂದಕ್ಕಿಂತ ಹೆಚ್ಚಿದ್ದರೆ ಯಂತ್ರಗಳು ಪರಸ್ಪರ ಜೋಡಣೆಯಾಗಿರಬೇಕು. ಇಲ್ಲವಾದರೆ ಒಂದೇ ಟಿಕೆಟ್‌ನಲ್ಲಿ ಇಬ್ಬರು ಒಳಬರಬಹುದು.

ವೆಚ್ಚದ ಲೆಕ್ಕ

ಉದಾಹರಣೆಗೆ, ಗಡಿಯಾರಕ್ಕಾಗಿ ತಂತ್ರಾಂಶ ಸಿದ್ಧಪಡಿಸಲು ರೂ. 60,000 ತಗಲುತ್ತದೆಂದೂ, 2,000 ಪ್ರೇಕ್ಷಕರಲ್ಲಿ 100 ಜನರು ಅದನ್ನು ಬಳಸುವರೆಂದೂ ಭಾವಿಸೋಣ. ಒಟ್ಟು ಪ್ರೇಕ್ಷಕರಿಗೆ ಹಂಚಿದರೆ ತಲಾ ವೆಚ್ಚ ರೂ. 30, ಬಳಸಿದವರಿಗೆ ಮಾತ್ರ ಹಂಚಿದರೆ ರೂ. 600. ಎರಡನೆಯದೇ ನಿಜವಾದ ಲೆಕ್ಕ. ರೂ. 100ರ ಟಿಕೆಟ್ ಮಾರುವವನಿಗೆ ಇದು ಒಂದೇ ಪ್ರಯೋಗದಲ್ಲಿ ಹುಟ್ಟುವ ವೆಚ್ಚವಲ್ಲ. ಅದೇ ತಂತ್ರಾಂಶವನ್ನು ಹತ್ತಾರು ಪ್ರಯೋಗಗಳಿಗೆ, ಅಥವಾ ಹಲವು ಸಂಘಟಕರು ಕೂಡಿ ಬಳಸಿದಾಗ ಮಾತ್ರ ಲೆಕ್ಕ ಸರಿದೂಗೀತು.

ಆದುದರಿಂದ ಮೊದಲ ಹೆಜ್ಜೆ ಗಡಿಯಾರವಲ್ಲ, ಸಂಖ್ಯೆ. ಪ್ರತಿ ಟಿಕೆಟ್‌ಗೂ ಪ್ರತ್ಯೇಕ ಸಂಖ್ಯೆ ಹಾಗೂ ಕ್ಯೂಆರ್ ಸಂಕೇತ ನೀಡಿ, ಅದನ್ನೇ ಕಾಗದದಲ್ಲಿ ಮುದ್ರಿಸಿ, ಮೊಬೈಲಿಗೂ ಗಡಿಯಾರಕ್ಕೂ ಕಳುಹಿಸುವುದು ಸೂಕ್ತ. ಆಗ ಮುದ್ರಕನ ಕಸುಬು ಉಳಿಯುತ್ತದೆ. ಗಡಿಯಾರವಿಲ್ಲದ ಪ್ರೇಕ್ಷಕ ಹೊರಗುಳಿಯುವುದಿಲ್ಲ. ಮಾರಾಟವಾದ ಟಿಕೆಟ್, ಒಳಬಂದ ಜನ, ಗಲ್ಲಾಪೆಟ್ಟಿಗೆಯ ಹಣ ಮೂರನ್ನೂ ಅದೇ ರಾತ್ರಿ ತಾಳೆ ನೋಡಬಹುದು.