ಗೋಡೆಯಿಲ್ಲದ ಚಿತ್ರಮಂದಿರ

ನಾಲ್ಕು ಗೋಡೆ, ಒಂದು ಮಾಡು, ಸಾಲು ಕುರ್ಚಿ, ಕತ್ತಲೆ ಇವೆಲ್ಲ ಕೂಡಿದರೆ ಚಿತ್ರಮಂದಿರವಾಯಿತೆಂಬುದು ಸಾಮಾನ್ಯ ಕಲ್ಪನೆ. ಇವುಗಳಲ್ಲಿ ಕತ್ತಲೆಯೊಂದನ್ನು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಬಿಟ್ಟುಕೊಟ್ಟ ಚಿತ್ರಮಂದಿರವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ, ಒಂದು ತಲೆಮಾರಿನ ಸಂಸಾರಗಳಿಗೆ ರಾತ್ರಿಯ ವಿನೋದದ ತಾಣವಾಗಿತ್ತು. ಅದೇ ‘ಡ್ರೈವ್-ಇನ್’. ಮೋಟಾರು ಕಾರನ್ನು ಬಯಲಿಗೆ ಓಡಿಸಿಕೊಂಡು ಬಂದು, ಅದರೊಳಗೇ ಕುಳಿತು ಚಿತ್ರವನ್ನು ನೋಡುವ ಏರ್ಪಾಡು ಇದು. ಇದರ ಏಳುಬೀಳುಗಳನ್ನು ಪರಿಶೀಲಿಸಿದರೆ, ಸಾರ್ವಜನಿಕ ವಿನೋದವೊಂದು ಯಾರಿಗೆ ಬಾಗಿಲನ್ನು ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬ ವಿಚಾರವೂ ಸ್ಪಷ್ಟವಾಗುತ್ತದೆ.

ಇದನ್ನು ರೂಪಿಸಿದವನು ನ್ಯೂಜೆರ್ಸಿ ಸಂಸ್ಥಾನದ ರಿಚರ್ಡ್ ಹಾಲಿಂಗ್ಸ್‌ಹೆಡ್. ಮೋಟಾರು ಸಾಮಗ್ರಿಗಳ ವ್ಯಾಪಾರ ಮಾಡುತ್ತಿದ್ದ ಮನೆತನ ಅವನದು. ಅವನು ತನ್ನ ಮನೆಯಂಗಳದಲ್ಲಿ ಕಾರಿನ ಮುಂಭಾಗದ ಮೇಲೆ ಪ್ರೊಜೆಕ್ಟರನ್ನಿಟ್ಟು, ಮರಗಳಿಗೆ ತೆರೆಯನ್ನು ಬಿಗಿದು, ಅದರ ಹಿಂದೆ ರೇಡಿಯೋ ಇರಿಸಿ ಪ್ರಯೋಗ ನಡೆಸಿದನು. ಮಳೆ ಬಂದರೆ ಚಿತ್ರ ಕಾಣುವುದೇ ಎಂದು ತಿಳಿಯಲು ಹುಲ್ಲುಹಾಸಿಗೆ ನೀರು ಚಿಮುಕಿಸುವ ಸಾಧನವನ್ನು ಕಾರಿನ ಮೇಲೆಯೇ ಹರಿಯಬಿಟ್ಟನು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಮುಂದಿನ ಕಾರು ಹಿಂದಿನವರಿಗೆ ಅಡ್ಡವಾಗುವುದು. ಇದಕ್ಕೆ ಅವನು ನೆಲವನ್ನೇ ತಿದ್ದಿದನು. ತೆರೆಯ ಸುತ್ತ ಕಮಾನಿನಂತೆ ಬಾಗಿದ ಸಾಲುಗಳು. ಪ್ರತಿ ಸಾಲಿನಲ್ಲಿಯೂ ಒಂದು ಮಣ್ಣಿನ ಏರಿ. ಮುಂದಿನ ಗಾಲಿಗಳು ಏರಿಯನ್ನು ಹತ್ತಿ ನಿಂತಾಗ ಕಾರಿನ ಮುಖ ಮೇಲೇಳುತ್ತದೆ; ಒಳಗಿರುವವರ ದೃಷ್ಟಿ ಮುಂದಿನ ಕಾರಿನ ನೆತ್ತಿಯನ್ನು ದಾಟಿ ತೆರೆಯನ್ನು ಮುಟ್ಟುತ್ತದೆ. ಈ ರಚನೆಗೆ 1933ರ ಮೇ ತಿಂಗಳಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಜೂನ್ 6ರಂದು ಕ್ಯಾಮ್ಡೆನ್ ಪಟ್ಟಣದ ಬಳಿ ಮೊದಲನೆಯ ಡ್ರೈವ್-ಇನ್ ಆರಂಭವಾಯಿತು.

ಪ್ರವೇಶ ದರದಲ್ಲಿಯೇ ಅವನ ಉದ್ದೇಶ ತಿಳಿಯುತ್ತದೆ. ಕಾರಿಗೆ 25 ಸೆಂಟು, ಒಬ್ಬೊಬ್ಬರಿಗೆ 25 ಸೆಂಟು. ಎಷ್ಟು ಜನರಿದ್ದರೂ ಒಂದು ಕಾರಿಗೆ ಒಂದು ಡಾಲರಿಗಿಂತ ಹೆಚ್ಚಿಲ್ಲ. ಲೆಕ್ಕ ಹಾಕಿದರೆ ಮೂವರಿಗೆ ತಗಲುವ ವೆಚ್ಚವೇ ಏಳು ಮಂದಿಗೂ ಸಾಕು. ಹಲವು ಮಕ್ಕಳ ಸಂಸಾರಕ್ಕೆ ಇದು ದೊಡ್ಡ ಅನುಕೂಲ. ಹಣಕ್ಕಿಂತ ಮಿಗಿಲಾದ ಅನುಕೂಲಗಳೂ ಇದ್ದವು. ಪಟ್ಟಣದ ಚಿತ್ರಮಂದಿರದಲ್ಲಿ ಕೂಸು ಅತ್ತರೆ ತಾಯಿ ಎದ್ದು ಹೊರಗೆ ಹೋಗಬೇಕು. ಕಾಲು ನಡೆಯದ ಮುದುಕರು ಮೆಟ್ಟಿಲು ಹತ್ತಲಾರರು. ಕೆಲಸ ಮುಗಿಸಿ ಬಂದವನು ಉಡುಪು ಬದಲಿಸಬೇಕು. ಡ್ರೈವ್-ಇನ್ನಿನಲ್ಲಿ ಈ ಯಾವ ಸಂಕೋಚವೂ ಇಲ್ಲ. ಸಂಸಾರವು ತನ್ನ ಮನೆಯ ಒಂದು ಕೋಣೆಯನ್ನೇ ಚಿತ್ರಕ್ಕೆ ಕೊಂಡೊಯ್ದಂತೆ.

ಮೊದಮೊದಲು ಧ್ವನಿಯ ತೊಂದರೆ ಬಹಳವಿತ್ತು. ತೆರೆಯ ಬಳಿಯಲ್ಲಿದ್ದ ಭಾರಿ ಧ್ವನಿವರ್ಧಕಗಳು ನೆರೆಹೊರೆಯವರ ನಿದ್ದೆ ಕೆಡಿಸುತ್ತಿದ್ದವು. ಅಲ್ಲದೆ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುವುದರಿಂದ, 170 ಮೀಟರು ಹಿಂದಿರುವವರಿಗೆ ನಟನ ತುಟಿ ಅಲುಗಿದ ಅರ್ಧ ಸೆಕೆಂಡಿನ ಮೇಲೆ ಮಾತು ಕೇಳಿಸುತ್ತದೆ. 1940ರ ದಶಕದಲ್ಲಿ ಕಾರಿನ ಕಿಟಕಿಗೆ ತಗುಲಿಸುವ ಪುಟ್ಟ ಸ್ಪೀಕರುಗಳು ಬಂದು ಈ ದೋಷವನ್ನು ಕಳೆದವು. ಮುಂದೆ ಕಾರಿನ ರೇಡಿಯೋದಲ್ಲಿಯೇ ಧ್ವನಿ ಕೇಳಿಸುವಂತಾಯಿತು.

1949ರಲ್ಲಿ ಅಮೆರಿಕಾದ ಮೇಲ್ಮನವಿ ನ್ಯಾಯಾಲಯವೊಂದು ಹಾಲಿಂಗ್ಸ್‌ಹೆಡ್‌ನ ಪೇಟೆಂಟ್ ಊರ್ಜಿತವಲ್ಲವೆಂದು ತೀರ್ಪಿತ್ತಿತು. ಯುದ್ಧಾನಂತರ ಕಾರುಗಳೂ ಮಕ್ಕಳೂ ಹೆಚ್ಚಿದ ಕಾಲವದು. 1958ರ ಹೊತ್ತಿಗೆ ಡ್ರೈವ್-ಇನ್‌ಗಳ ಸಂಖ್ಯೆ ಸುಮಾರು 4000ಕ್ಕೆ ಏರಿತು. ಸಂಸಾರಗಳು ಹೊತ್ತು ಮುಳುಗುವ ಮುನ್ನವೇ ಬರುತ್ತಿದ್ದವು. ತೆರೆಯ ಕೆಳಗಿನ ಆಟದ ಬಯಲಿನಲ್ಲಿ ಮಕ್ಕಳು ಉಯ್ಯಾಲೆಯಾಡುತ್ತಿದ್ದರು. ಅನೇಕ ಮಕ್ಕಳು ಮಲಗುವ ಉಡುಪಿನಲ್ಲಿಯೇ ಬಂದಿರುತ್ತಿದ್ದರು. ಒಂದೇ ರಾತ್ರಿ ಎರಡು ಚಿತ್ರಗಳು, ನಡುವೆ ತಿಂಡಿಗೆ ವಿರಾಮ. ಎರಡನೆಯ ಚಿತ್ರದ ಹೊತ್ತಿಗೆ ಹಿಂದಿನ ಆಸನದಲ್ಲಿ ಮಕ್ಕಳಿಗೆ ನಿದ್ದೆ. ಮಾಲೀಕರಿಗಾದರೋ ಲಾಭದ ದೊಡ್ಡ ಪಾಲು ತಿಂಡಿಯ ಅಂಗಡಿಯಿಂದಲೇ ಬರುತ್ತಿತ್ತು.

ಈ ವೈಭವವು ಮೂರು ಕಂಬಗಳ ಮೇಲೆ ನಿಂತಿತ್ತು: ಅಗ್ಗದ ನೆಲ, ಅಗ್ಗದ ಪೆಟ್ರೋಲು, ಬೇಗ ಕವಿಯುವ ಕತ್ತಲೆ. ಪಟ್ಟಣಗಳು ಬೆಳೆದಂತೆ ಊರಂಚಿನ ಬಯಲಿಗೆ ಬೆಲೆ ಬಂದಿತು. ವರ್ಷದಲ್ಲಿ ಕೆಲವೇ ತಿಂಗಳು, ಅದೂ ರಾತ್ರಿ ಮಾತ್ರ, ಗಳಿಸುವ ನೆಲವನ್ನು ಮಾರುವುದೇ ಲಾಭವೆನಿಸಿತು. 1967ರಿಂದ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ಪದ್ಧತಿ ಬಹುತೇಕ ದೇಶದಾದ್ಯಂತ ಜಾರಿಗೆ ಬಂದುದರಿಂದ, ಚಿತ್ರ ಆರಂಭವಾಗುವಷ್ಟರಲ್ಲಿ ಮಕ್ಕಳು ಮಲಗುವ ಹೊತ್ತು ಮೀರುತ್ತಿತ್ತು. 1973ರಲ್ಲಿ ತೈಲದ ಮುಗ್ಗಟ್ಟು ತಲೆದೋರಿತು. ದೂರದರ್ಶನವೂ ಅನಂತರ ವೀಡಿಯೋವೂ ಚಿತ್ರವನ್ನು ಮನೆಯೊಳಕ್ಕೇ ತಂದವು. ಈಗ ಆ ದೇಶದಲ್ಲಿ ಉಳಿದಿರುವುದು ಕೆಲವು ನೂರು ಮಾತ್ರ. 2020ರಲ್ಲಿ ಕೋವಿಡ್ ವ್ಯಾಧಿಯಿಂದ ಚಿತ್ರಮಂದಿರಗಳು ಮುಚ್ಚಿದಾಗ, ದೂರದೂರ ಕುಳಿತು ನೋಡುವ ಈ ಹಳೆಯ ಏರ್ಪಾಡಿಗೆ ಕೆಲಕಾಲ ಮರುಜೀವ ಬಂದಿತು.

ಆದರೆ ಡ್ರೈವ್-ಇನ್ ಎಲ್ಲರಿಗೂ ಬಾಗಿಲನ್ನು ತೆರೆಯಿತೆಂದು ಹೇಳುವಂತಿಲ್ಲ. ವರ್ಣಭೇದದ ದಿನಗಳಲ್ಲಿ ದಕ್ಷಿಣ ಸಂಸ್ಥಾನಗಳ ಕೆಲವೆಡೆ ಕರಿಯರಿಗೆ ಪ್ರವೇಶವಿರಲಿಲ್ಲ. ಕೆಲವೆಡೆ ಅವರಿಗೆ ಬೇರೆಯೇ ಸ್ಥಳವಿತ್ತು. ಕಾರಿಲ್ಲದ ಬಡವನಿಗಂತೂ ಅಲ್ಲಿ ಹೆಚ್ಚಿನ ಅವಕಾಶವಿರಲಿಲ್ಲ. ಅಳುವ ಕೂಸಿಗೆ ಜಾಗ ಮಾಡಿಕೊಟ್ಟ ಬಯಲು ಕಾಲ್ನಡಿಗೆಯವನನ್ನು ಮರೆತಿತ್ತು.

ಈ ದೃಷ್ಟಿಯಿಂದ ಗುಜರಾತಿನ ಅಹಮದಾಬಾದಿನಲ್ಲಿ 1973ರಲ್ಲಿ ಆರಂಭವಾದ ಡ್ರೈವ್-ಇನ್ ಗಮನಾರ್ಹವಾದುದು. ಅಲ್ಲಿ ಕಾರುಗಳ ಸಾಲುಗಳೊಡನೆ, ಕಾರಿಲ್ಲದವರು ಕುಳಿತು ನೋಡಲು ಬೇರೆ ಆಸನಗಳನ್ನೂ ಒದಗಿಸಿದರು. ಆ ಊರಿನಲ್ಲಿ ‘ಡ್ರೈವ್-ಇನ್ ರಸ್ತೆ’ ಎಂಬ ಹೆಸರೇ ನೆಲೆನಿಂತಿದೆ. ಕಾರುಗಳು ವಿರಳವಾಗಿದ್ದ ನಮ್ಮ ದೇಶದಲ್ಲಿ ಈ ತಿದ್ದುಪಡಿ ವ್ಯಾಪಾರಕ್ಕೂ ಅಗತ್ಯವಾಗಿತ್ತು, ನ್ಯಾಯವೂ ಆಗಿತ್ತು.

ಹಾಲಿಂಗ್ಸ್‌ಹೆಡ್ ಕಂಡುಕೊಂಡ ಮರ್ಮವಿಷ್ಟೆ: ನೋಡುವವರನ್ನು ಮಂದಿರಕ್ಕೆ ತಕ್ಕಂತೆ ಬಗ್ಗಿಸುವುದಕ್ಕಿಂತ, ಮಂದಿರವನ್ನು ನೋಡುವವರಿಗೆ ತಕ್ಕಂತೆ ಬಗ್ಗಿಸುವುದು ಲೇಸು. ಅಹಮದಾಬಾದಿನ ಬಯಲು ಆ ಮಾತಿಗೆ ಒಂದು ಸಾಲು ಕುರ್ಚಿಗಳನ್ನು ಸೇರಿಸಿತು. ನಾಟಕಶಾಲೆ, ಗ್ರಂಥಾಲಯ, ಕಾಲೇಜು ಯಾವುದನ್ನೇ ಕಟ್ಟುವಾಗಲೂ, ಕೂಸನ್ನೆತ್ತಿದ ತಾಯಿ, ನಡೆಯಲಾರದ ಹಿರಿಯರು, ಬರಿಗಾಲಿನಲ್ಲಿ ಬಂದವನು ಎಲ್ಲಿ ಕುಳಿತಾರು ಎಂಬುದನ್ನು ಮೊದಲು ಕೇಳಿ, ಅನಂತರ ಗೋಡೆಯನ್ನೆಬ್ಬಿಸುವುದು ಉಚಿತ.