ಮಕ್ಕಳೊಂದಿಗೆ ಹಡಗು ಪ್ರವಾಸ: ಟಿಕೆಟ್ಟಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ತೇಲುವ ಹೋಟೆಲುಗಳಂತಿರುವ ಪ್ರವಾಸಿ ಹಡಗುಗಳು ಈಗ ನಮ್ಮ ಮಧ್ಯಮವರ್ಗದ ಕುಟುಂಬಗಳ ಕೈಗೂ ಎಟುಕತೊಡಗಿವೆ. ಮುಂಬೈನಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಇಂಥ ಹಡಗಿನ ಸಂಚಾರವಿದೆ. ಸಿಂಗಪುರಕ್ಕೆ ಹೋದವರು ಅಲ್ಲಿಂದ ಮೂರು ನಾಲ್ಕು ದಿನಗಳ ಹಡಗು ಯಾನ ಮಾಡಿ ಬರುವುದೂ ಉಂಟು. ಟಿಕೆಟ್ಟು ಕಾದಿರಿಸುವಾಗ ನಾವು ದರ ಎಷ್ಟು, ಸಸ್ಯಾಹಾರ ಸಿಗುತ್ತದೆಯೇ, ಮಕ್ಕಳಿಗೆ ಆಟಪಾಟ ಏನಿದೆ ಎಂದು ವಿಚಾರಿಸುತ್ತೇವೆ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಡುರಾತ್ರಿ ಮಗುವಿಗೆ ವಾಂತಿಭೇದಿ ಶುರುವಾದರೆ, ಹತ್ತಿರದ ಆಸ್ಪತ್ರೆ ಎಷ್ಟು ಗಂಟೆಗಳ ದೂರದಲ್ಲಿದೆ? ಹಡಗಿನ ಆಯ್ಕೆ ಈ ಪ್ರಶ್ನೆಯಿಂದ ಆರಂಭವಾಗಬೇಕು.

ಎಷ್ಟು ವಯಸ್ಸಿನ ಮಗು?

ಹೆಚ್ಚಿನ ದೊಡ್ಡ ಕಂಪನಿಗಳು 6 ತಿಂಗಳು ತುಂಬದ ಹಸುಗೂಸುಗಳನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವಂಥ ದೀರ್ಘ ಯಾನಗಳಿಗೆ ಸಾಮಾನ್ಯವಾಗಿ 12 ತಿಂಗಳು ತುಂಬಿರಬೇಕು. ಇದು ಕೇವಲ ಕಚೇರಿಯ ಕಟ್ಟಳೆಯಲ್ಲ. ಹಡಗಿನಲ್ಲಿ ವೈದ್ಯರು, ದಾದಿಯರು ಇರುತ್ತಾರೆ, ತುರ್ತು ಚಿಕಿತ್ಸೆಗೆ ಬೇಕಾದ ಸಲಕರಣೆಗಳಿರುತ್ತವೆ. ಆದರೆ ಅವರು ಮಕ್ಕಳ ತಜ್ಞರಾಗಿರುತ್ತಾರೆ ಎಂಬ ಭರವಸೆಯಿಲ್ಲ. ರೋಗಿಯ ಸ್ಥಿತಿ ಹದಗೆಡದಂತೆ ನೋಡಿಕೊಂಡು ದಡಕ್ಕೆ ತಲುಪಿಸುವುದು ಅವರ ಮುಖ್ಯ ಕೆಲಸ. ಹಸುಗೂಸಿನ ಸ್ಥಿತಿಯಾದರೋ ಕೆಲವೇ ಗಂಟೆಗಳಲ್ಲಿ ಬಿಗಡಾಯಿಸಬಹುದು.

ಆದ್ದರಿಂದ ಮೊದಲ ಬಾರಿಗೆ ಎರಡು ಮೂರು ರಾತ್ರಿಗಳ, ದಡದಿಂದ ಬಹು ದೂರ ಹೋಗದ ಮಾರ್ಗವನ್ನೇ ಆರಿಸಿಕೊಳ್ಳಿ. ದಿನಗಟ್ಟಲೆ ಬಂದರು ಕಾಣದ ಯಾನ ಮಕ್ಕಳು ದೊಡ್ಡವರಾದ ಮೇಲಿರಲಿ. ಮನೆಯಲ್ಲಿ ಗರ್ಭಿಣಿಯಿದ್ದರೆ, 24 ವಾರ ತುಂಬಿದವರಿಗೆ ಅನೇಕ ಕಂಪನಿಗಳು ಪ್ರವೇಶ ಕೊಡುವುದಿಲ್ಲ ಎಂಬುದನ್ನೂ ನೆನಪಿಡಿ.

ಕಡಲ ಕಾಯಿಲೆ

ಒಳಕಿವಿಯಲ್ಲಿರುವ ಸಮತೋಲನದ ಅಂಗ ‘ದೇಹ ಅಲುಗಾಡುತ್ತಿದೆ’ ಎಂದು ಮಿದುಳಿಗೆ ಹೇಳುತ್ತದೆ. ಕೋಣೆಯ ಗೋಡೆಯನ್ನು ನೋಡುತ್ತಿರುವ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಈ ಗೊಂದಲದಿಂದಲೇ ತಲೆಸುತ್ತು, ವಾಕರಿಕೆ ಉಂಟಾಗುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು. ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಗುವಿಗೆ ಹಡಗಿನಲ್ಲೂ ಆಗಬಹುದೆಂದೇ ತಿಳಿಯಿರಿ.

ಹಡಗಿನ ಮುಂಭಾಗ, ಹಿಂಭಾಗ ಮತ್ತು ಮೇಲಿನ ಅಂತಸ್ತುಗಳು ಹೆಚ್ಚು ಓಲಾಡುತ್ತವೆ. ಉದ್ದದಲ್ಲಿ ಮಧ್ಯಕ್ಕಿರುವ, ಕೆಳ ಅಂತಸ್ತಿನ ಕೋಣೆ ಕೇಳಿ ಪಡೆಯಿರಿ. ದರವೂ ಹಲವು ಸಲ ಕಡಿಮೆಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಯಾನಕ್ಕೆ ಚಳಿಗಾಲದ ತಿಂಗಳುಗಳೇ ಹಿತ. ಓಲಾಟ ಶುರುವಾದಾಗ ಮಗುವಿಗೆ ಪುಸ್ತಕ, ಮೊಬೈಲು ಕೊಡದೆ ಗಾಳಿ ಬೀಸುವ ಕಡೆ ಕರೆದೊಯ್ದು ದಿಗಂತವನ್ನು ತೋರಿಸಿ. ಹೊಟ್ಟೆ ತೀರ ಖಾಲಿಯೂ ಇರಬಾರದು, ಬಿರಿಯುವಂತೆಯೂ ಇರಬಾರದು.

ಔಷಧಿಯ ವಿಷಯದಲ್ಲಿ ಎಚ್ಚರ. ವಾಂತಿ ತಡೆಯಲು ದೊಡ್ಡವರು ನುಂಗುವ ಪ್ರೊಮೆಥಜೀನ್ ಮಾತ್ರೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೇ ಅಪಾಯವಾಗಬಹುದು. ‘ಅರ್ಧ ಮಾತ್ರೆ ತಾನೆ’ ಎಂಬ ಅಂದಾಜು ಬೇಡ. ದೊಡ್ಡ ಮಕ್ಕಳಿಗೂ ತೂಕ ನೋಡಿ ನಿಮ್ಮ ವೈದ್ಯರೇ ಪ್ರಮಾಣ ಬರೆದುಕೊಡಬೇಕು.

ವಾಂತಿಭೇದಿಯ ಸೋಂಕು

ಹಡಗುಗಳಲ್ಲಿ ಆಗಾಗ ಹಬ್ಬುವ ವಾಂತಿಭೇದಿಗೆ ಬಹುಪಾಲು ಕಾರಣ ನೊರೊವೈರಸ್. ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ 1968ರಲ್ಲಿ ಹಬ್ಬಿದ ಕಾಯಿಲೆಯ ಮಾದರಿಗಳಲ್ಲಿ ಇದನ್ನು 1972ರಲ್ಲಿ ಗುರುತಿಸಲಾಯಿತು. ಅತ್ಯಲ್ಪ ಸಂಖ್ಯೆಯ ವೈರಾಣುಗಳು ಹೊಟ್ಟೆ ಸೇರಿದರೂ ಸಾಕು, 12ರಿಂದ 48 ಗಂಟೆಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸಾವಿರಾರು ಜನ ಒಂದೇ ಊಟದ ಮನೆ, ಒಂದೇ ಮೆಟ್ಟಿಲ ಕಂಬಿ ಬಳಸುವಲ್ಲಿ ಇದು ಬೇಗ ಹರಡುವುದರಲ್ಲಿ ಆಶ್ಚರ್ಯವಿಲ್ಲ.

ಊಟದ ಮನೆಯ ಬಾಗಿಲಲ್ಲಿ ಕೈಗೆ ಹಾಕುವ ಆಲ್ಕೋಹಾಲ್ ದ್ರವ ಈ ವೈರಾಣುವಿನ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 20 ಸೆಕೆಂಡು ಕೈ ತೊಳೆಯುವುದೇ ಸರಿಯಾದ ಮಾರ್ಗ. ಮಗುವಿನ ಕೈ ತೊಳೆಸಿದ ಮೇಲೆ ನಿಮ್ಮ ಕೈಯನ್ನೂ ತೊಳೆದುಕೊಳ್ಳಿ. ಮಗುವಿಗೆ ಭೇದಿಯಾದರೆ ಹಡಗಿನ ವೈದ್ಯರಿಗೆ ಕೂಡಲೇ ತಿಳಿಸಿ, ಮುಚ್ಚಿಡಬೇಡಿ. ವಾಂತಿಭೇದಿ ನಿಂತ ನಂತರವೂ ಎರಡು ದಿನ ಇತರ ಮಕ್ಕಳೊಂದಿಗೆ ಆಡಲು ಬಿಡಬಾರದು.

ಜೀವ ಉಳಿಸುವುದು ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಿರುವಷ್ಟೇ ನೀರು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮೂತ್ರ ತೀರ ಕಡಿಮೆಯಾದರೆ, ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ.

ನೊರೊವೈರಸ್‌ಗೆ ಬಳಕೆಯಲ್ಲಿರುವ ಲಸಿಕೆಯಿಲ್ಲ. ಆದರೆ ರೋಟಾವೈರಸ್ ಭೇದಿಗೆ, ದಡಾರಕ್ಕೆ ಇದೆ. ಹೊರಡುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಮಗುವಿನ ಲಸಿಕೆ ಕಾರ್ಡು ತೆಗೆದು ವೈದ್ಯರಿಗೆ ತೋರಿಸಿ, ಬಾಕಿ ಉಳಿದುದನ್ನು ಹಾಕಿಸಿ.

ಈಜುಕೊಳ ಮತ್ತು ಕಟಾಂಜನ

ಹಡಗಿನ ಈಜುಕೊಳದ ಬಳಿ ಕಾವಲುಗಾರರು ಇದ್ದೇ ಇರುತ್ತಾರೆಂದು ನಂಬಬೇಡಿ. ಕೆಲವು ಕಂಪನಿಗಳು ನೇಮಿಸಿವೆ, ಅನೇಕ ಕಡೆ ಇಲ್ಲ. ಮುಳುಗುವ ಮಗು ಕೂಗಿಕೊಳ್ಳುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ನೀರಿನಲ್ಲಿರುವ ಚಿಕ್ಕ ಮಗು ಸದಾ ನಿಮ್ಮ ಕೈಗೆಟುಕುವಷ್ಟು ಹತ್ತಿರವಿರಬೇಕು. ಡೈಪರ್ ಹಾಕುವ ಮಕ್ಕಳನ್ನು ಸಾಮಾನ್ಯ ಈಜುಕೊಳಕ್ಕೆ ಬಿಡುವುದಿಲ್ಲ, ಅವರಿಗೆಂದೇ ಪ್ರತ್ಯೇಕ ನೀರಾಟದ ಜಾಗ ಇದೆಯೇ ಎಂದು ಮೊದಲೇ ಕೇಳಿ. ಬಾಲ್ಕನಿಯಿರುವ ಕೋಣೆ ಆಕರ್ಷಕವೇ. ಆದರೆ ಕುರ್ಚಿ ಎಳೆದು ಹತ್ತುವ ವಯಸ್ಸಿನ ಮಗುವಿದ್ದರೆ ತೆರೆಯಲಾಗದ ಕಿಟಕಿಯ ಕೋಣೆಯೇ ಲೇಸು.

ಕವಾಯತು ತಪ್ಪಿಸಬೇಡಿ

2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಆ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಸುರಕ್ಷತಾ ಕವಾಯತು ಇನ್ನೂ ಆಗಿರಲಿಲ್ಲ. ಅನಂತರ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಕವಾಯತು ನಡೆಯಲೇಬೇಕು. ಮಗು ಮಲಗಿದೆಯೆಂದು ತಪ್ಪಿಸಿಕೊಳ್ಳಬೇಡಿ. 15 ಕಿಲೊಗಿಂತ ಕಡಿಮೆ ತೂಕದ ಶಿಶುಗಳಿಗೂ, 15ರಿಂದ 43 ಕಿಲೊವರೆಗಿನ ಮಕ್ಕಳಿಗೂ ಬೇರೆ ಬೇರೆ ಜೀವರಕ್ಷಕ ಅಂಗಿಗಳಿವೆ. ಕೋಣೆಗೆ ಕಾಲಿಟ್ಟ ಕೂಡಲೇ ನಿಮ್ಮ ಮಗುವಿನ ಅಳತೆಯದನ್ನು ಕೇಳಿ ಪಡೆದು, ಒಮ್ಮೆ ತೊಡಿಸಿ ನೋಡಿ. ಲಕ್ಷದ್ವೀಪದಂಥ ಕಡೆ ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ದಡ ಸೇರಬೇಕಾಗುತ್ತದೆ. ಆಗಲೂ ಈ ಅಂಗಿ ಮೈಮೇಲಿರಲಿ.

ಚೀಲದಲ್ಲಿ ಇರಲಿ

ಓಆರ್‌ಎಸ್ ಪೊಟ್ಟಣಗಳು, ಥರ್ಮಾಮೀಟರು, ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ, ಮಗು ದಿನವೂ ತೆಗೆದುಕೊಳ್ಳುವ ಔಷಧಿ, ಪುಡಿಹಾಲು ಅಭ್ಯಾಸವಿದ್ದರೆ ಅದೇ ಹೆಸರಿನ ಡಬ್ಬಿ, ಅಗಲ ಅಂಚಿನ ಟೋಪಿ ಇವು ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಗಳು ಕೋಣೆ ತಲುಪಲು ಹಲವು ಗಂಟೆ ಹಿಡಿಯುವುದುಂಟು. ಹಡಗಿನ ಚಿಕಿತ್ಸೆಗೆ ಪ್ರತ್ಯೇಕ ಶುಲ್ಕ ಕೊಡಬೇಕಾಗುವುದರಿಂದ, ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನೂ ಭರಿಸುವ ಪ್ರವಾಸ ವಿಮೆ ಅಗತ್ಯ.

ಹೊರಡುವ ಹಿಂದಿನ ದಿನ ಮಗುವಿಗೆ ಜ್ವರವೋ ಭೇದಿಯೋ ಕಾಣಿಸಿಕೊಂಡರೆ ಏನು ಮಾಡಬೇಕು? ಪ್ರವಾಸವನ್ನು ಮುಂದೂಡಿ. ಕಟ್ಟಿದ ಹಣ ಹೋಗುವುದೆಂಬ ಸಂಕಟ ಸಹಜವೇ. ಟಿಕೆಟ್ಟು ರದ್ದು ಮಾಡುವ ನಿಯಮಗಳನ್ನು ಮೊದಲೇ ಓದಿಕೊಂಡು, ತಾರೀಖು ಬದಲಿಸಲು ಅವಕಾಶವಿರುವ ಟಿಕೆಟ್ಟನ್ನೇ ಕೊಂಡಿದ್ದರೆ ಆ ಸಂಕಟ ಅಷ್ಟಾಗಿ ಕಾಡದು. ಸಮುದ್ರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.