ಕರ್ಸರ್ ಕೈಗೆ ಬಂದ ಮೇಲೆ: ಮಾಡಬೇಕಾದ್ದು, ಮಾಡಬಾರದ್ದು

ಸಾಂತಾಕ್ರೂಜ್‌ನ ಹೆಸರು ಹೊತ್ತು 1973ರಿಂದ ಅಂಧೇರಿ ಪೂರ್ವದಲ್ಲಿ ನಡೆದುಬಂದಿರುವ ಸೀಪ್ಜ್ ವಲಯದಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿ, ಜಾವಾದಿಂದ ಸ್ಟೋರ್ಡ್ ಪ್ರೊಸೀಜರ್ ಕರೆಯುತ್ತಿರುವ ಕನ್ನಡದ ಕಿರಿಯರಿಗೆ ಈ ಸೂಚನೆ.

ಪ್ರೊಸೀಜರ್ ಕರ್ಸರ್ ಕೊಟ್ಟಾಗ ನಿಮ್ಮ ಕೈಗೆ ಬರುವುದು ಸಾಲುಗಳಲ್ಲ, ಡೇಟಾಬೇಸ್‌ನಲ್ಲಿ ಇನ್ನೂ ತೆರೆದಿರುವ ಕ್ವೆರಿಯ ಹಿಡಿ. ತೆರೆದದ್ದು ಪ್ರೊಸೀಜರ್, ಮುಚ್ಚಬೇಕಾದವರು ನೀವು. ಇದನ್ನು ಮರೆತು ನಾನು ಬರೆದ ಪ್ರೋಗ್ರಾಂ ಪರೀಕ್ಷೆಯಲ್ಲಿ ಹತ್ತು ಕರೆಗೆ ಸುಮ್ಮನಿತ್ತು. ತಿಂಗಳ ಕೊನೆಯ ರಾತ್ರಿ ‘ಓಆರ್‌ಎ-01000’ ಎಂದು ನಿಂತುಬಿಟ್ಟಿತು. ಒಂದು ಸೆಷನ್ ಹಿಡಿಯಬಹುದಾದಷ್ಟು ಕರ್ಸರ್‌ಗಳು ತುಂಬಿವೆ ಎಂಬುದು ಅದರ ಅರ್ಥ. ಒರಾಕಲ್‌ನಲ್ಲಿ ಯಾರೂ ಬದಲಿಸದಿದ್ದರೆ ಆ ಮಿತಿ 50.

ಮಾಡಬೇಕಾದ್ದು

1. ಔಟ್ ಪ್ಯಾರಾಮೀಟರ್‌ನ ಬಗೆಯನ್ನು ಕರೆಗೆ ಮೊದಲೇ ನೋಂದಾಯಿಸಿ. ಒರಾಕಲ್‌ನದೇ ‘ಒರಾಕಲ್‌ಟೈಪ್ಸ್.ಕರ್ಸರ್’ ಇದೆ, ಜಾವಾ 8ರೊಂದಿಗೆ ಬಂದ ಜೆಡಿಬಿಸಿ 4.2ರಲ್ಲಿ ‘ಟೈಪ್ಸ್.ರೆಫ್_ಕರ್ಸರ್’ ಇದೆ.

2. ರಿಸಲ್ಟ್‌ಸೆಟ್ಟನ್ನೂ ಸ್ಟೇಟ್‌ಮೆಂಟನ್ನೂ ಬೇರೆಬೇರೆಯಾಗಿ ಮುಚ್ಚಿ. ಒರಾಕಲ್‌ನಲ್ಲಿ ಸ್ಟೇಟ್‌ಮೆಂಟ್ ಮುಚ್ಚಿದ ಮಾತ್ರಕ್ಕೆ ಅದು ತಂದುಕೊಟ್ಟ ಕರ್ಸರ್ ಮುಚ್ಚುವುದಿಲ್ಲ. ಹೆಚ್ಚಿನ ಸೋರಿಕೆ ಇಲ್ಲಿಂದಲೇ. ಎರಡನ್ನೂ ಟ್ರೈ-ವಿತ್-ರಿಸೋರ್ಸಸ್ ಒಳಗೆ ತೆರೆದರೆ, ನಡುವೆ ದೋಷ ಬಂದರೂ ಮುಚ್ಚುವ ಕೆಲಸ ತಪ್ಪುವುದಿಲ್ಲ.

3. ಫೆಚ್ ಸೈಜ್ ನೀವೇ ಗೊತ್ತುಮಾಡಿ. ಒರಾಕಲ್ ಡ್ರೈವರ್ ತಾನಾಗಿ ತರುವುದು ಒಂದು ಸಲಕ್ಕೆ 10 ಸಾಲು. 10,000 ಸಾಲಿಗೆ ಸುಮಾರು 1,000 ಸಲ ಓಡಾಟ. 500 ಎಂದರೆ 20 ಸಲಕ್ಕೆ ಮುಗಿಯುತ್ತದೆ.

4. ಪೋಸ್ಟ್‌ಗ್ರೆಸ್ ಆದರೆ ಕರೆಗೆ ಮೊದಲು ಆಟೋಕಮಿಟ್ ನಿಲ್ಲಿಸಿ. ಅಲ್ಲಿ ಟ್ರಾನ್ಸಾಕ್ಷನ್ ಮುಗಿದರೆ ಕರ್ಸರ್ ಕೂಡ ಮುಗಿಯಿತು.

5. ಪ್ರೊಸೀಜರ್ ಬರೆಯುವವರು ಎಲ್ಲ ಕವಲಿನಲ್ಲೂ ಕರ್ಸರ್ ತೆರೆದೇ ಕೊಡಿ. ಸಾಲು ಸಿಗದಿದ್ದರೆ ಖಾಲಿ ಫಲಿತಾಂಶ ಕೊಡಿ. ತೆರೆಯದ ಕರ್ಸರ್ ಕೊಡಬೇಡಿ.

6. ನಿಮ್ಮ ಕರೆಯನ್ನು ಒಂದೇ ಸೆಷನ್‌ನಲ್ಲಿ ಕೆಲವು ನೂರು ಸಲ ಓಡಿಸಿ, ‘ವಿ$ಓಪನ್_ಕರ್ಸರ್’ ನೋಡಿ. ಅದೇ ಕ್ವೆರಿ ಸಾಲುಗಟ್ಟಿದ್ದರೆ ಕೋಡ್ ಒಪ್ಪಿಸಬೇಡಿ.

ಮಾಡಬಾರದ್ದು

1. ಕರ್ಸರನ್ನು ಪ್ರೊಸೀಜರ್ ಒಳಗೇ ಮುಚ್ಚಿ ಹೊರಗೆ ಕಳಿಸಬೇಡಿ. ಓದಲು ಏನೂ ಉಳಿಯುವುದಿಲ್ಲ.

2. ಓದಿ ಮುಗಿಸುವ ಮೊದಲು ಕನೆಕ್ಷನನ್ನು ಪೂಲ್‌ಗೆ ಮರಳಿಸಬೇಡಿ. ರಿಸಲ್ಟ್‌ಸೆಟ್ಟನ್ನು ಮೇಲಿನ ಪದರಕ್ಕೆ ದಾಟಿಸಬೇಡಿ; ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿಸಿ ಪಟ್ಟಿ ಕೊಡಿ.

3. ಕರ್ಸರ್‌ನ ಕ್ವೆರಿಯನ್ನು ಬಳಕೆದಾರರ ಮಾತು ಜೋಡಿಸಿ ಕಟ್ಟಬೇಡಿ. ‘ಓಪನ್ ಫಾರ್’ ಜತೆ ‘ಯೂಸಿಂಗ್’ ಇದೆ, ಬೈಂಡ್ ಮಾಡಿ. ಇಲ್ಲವಾದರೆ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಬಾಗಿಲು ತೆರೆದಂತೆ.

4. ಒರಾಕಲ್‌ನ ರೂಢಿಯನ್ನು ಎಲ್ಲ ಕಡೆ ಹೇರಬೇಡಿ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಪ್ರೊಸೀಜರ್ ಒಳಗಿನ ಸೆಲೆಕ್ಟ್ ನೇರವಾಗಿ ಫಲಿತಾಂಶ ಕೊಡುತ್ತದೆ. ಕರ್ಸರ್ ಪ್ಯಾರಾಮೀಟರ್ ಬೇಕಿಲ್ಲ.

5. ‘ಓಆರ್‌ಎ-01000’ ಬಂದಾಗ ಮಿತಿಯನ್ನು 50ರಿಂದ 1,000ಕ್ಕೆ ಏರಿಸಿ ಕೈತೊಳೆದುಕೊಳ್ಳಬೇಡಿ. ಸೋರುವ ಮಡಕೆಯ ಕೆಳಗೆ ದೊಡ್ಡ ಬೋಗುಣಿ ಇಟ್ಟರೆ ಸೋರಿಕೆ ನಿಲ್ಲದು. ಮುಚ್ಚದ ಸಾಲನ್ನು ಹುಡುಕಿ.

ಕೋಡ್ ಪರಿಶೀಲನೆಗೆ ಕೂತವರು ಮೊದಲು ಕೇಳಬೇಕಾದ್ದು ಒಂದೇ: ಈ ಕರ್ಸರ್ ಯಾವ ಸಾಲಿನಲ್ಲಿ ಮುಚ್ಚುತ್ತದೆ? ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಕೋಡ್ ಮುಂದೆ ಹೋಗಕೂಡದು.